ಒಂಬತ್ತನೆಯ ಬಾಟಲಿ

ತಾಯವ್ವನಿಗೆ ನೆನಪಿರುವ ಮೊದಲ ವಾಸನೆ ಅವಳ ಅವ್ವನ ಸೆರಗಿನದು. ಅದು ಮೀನಿನ ವಾಸನೆಯಲ್ಲ. ದೋಣಿಹಾಳದ ಅಂಬಿಗರ ಓಣಿಯಲ್ಲಿ ಹುಟ್ಟಿದವರಿಗೆ ಮೀನಿನದು ಒಂದು ವಾಸನೆ ಅಂತಲೇ ಅನ್ನಿಸುವುದಿಲ್ಲ. ಇದು ಬೇರೆ. ಬಹಳ ಕಾಲ ಮುಚ್ಚಿದ್ದ ಕಾಳಿನ ಹಗೇವಿನ ಬಾಯಿ ತೆರೆದಾಗ ಮೇಲೇಳುವಂಥ ತಂಪು ಮಣ್ಣಿನ, ಸ್ವಲ್ಪ ಮುಗ್ಗಿದ ವಾಸನೆ. ಬಿಸಿಲು ಬಲಿತ ದಿನಗಳಲ್ಲಿ ಅವ್ವ ಹರಿಗೋಲಿನಿಂದ ಇಳಿದು ಬಂದು ಅವಳನ್ನು ಸೊಂಟಕ್ಕೆ ಏರಿಸಿಕೊಂಡರೆ ಆ ವಾಸನೆ ಮೂಗು ತುಂಬುತ್ತಿತ್ತು. ಅದು ಬಂದ ವಾರದಲ್ಲಿ ಒಂದೆರಡು ಎಮ್ಮೆ ಸಾಯುತ್ತಿದ್ದವು, ದಂಡೆಯಲ್ಲಿ ಮೀನು ಹೊಟ್ಟೆ ಮೇಲಾಗಿ ಬೀಳುತ್ತಿದ್ದವು. ಒಂದು ವರ್ಷ ಓಣಿಯ ಮೂರು ವರ್ಷದ ಹುಡುಗಿಯೊಂದು ಹೋಯಿತು. ಆದರೂ ತಾಯವ್ವನಿಗೆ ಆ ವಾಸನೆ ಎಂದರೆ ಅವ್ವನೇ.

ಕಾಲೇಜು ಸೇರಿ ಬಿ.ಎಸ್ಸಿ. ಓದುವಾಗ ಅದು ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿಯ ಮೈವಾಸನೆ ಎಂದು ತಿಳಿಯಿತು. ಅದನ್ನು ಪಾಚಿ ಎಂದು ಕರೆಯುವುದು ರೂಢಿ ಮಾತ್ರ. ನಿಜಕ್ಕೂ ಅದು ಸೂಕ್ಷ್ಮಾಣುಗಳ ಜಾತಿ, ಭೂಮಿಯ ಮೇಲಿನ ಅತಿ ಹಳೆಯ ಕುಲಗಳಲ್ಲೊಂದು. ಆ ಪಾಠ ಕೇಳಿದ ದಿನ ತಾಯವ್ವ ಹಾಸ್ಟೆಲಿನ ಮೂಲೆಯಲ್ಲಿ ಕೂತು ಅತ್ತಿದ್ದಳು. ಆ ಹೊತ್ತಿಗೆ ಅವ್ವ ಇರಲಿಲ್ಲ.

ಈಗ ಅವಳಿಗೆ ನಲವತ್ತಾರು. ಹಿರೇಹೊಳೆ ಜಲಾಶಯದ ದಂಡೆಯ ನೀರುಕಾವಲು ಕೇಂದ್ರದಲ್ಲಿ ಅವಳೇ ಹಿರಿಯ ಸಹಾಯಕಿ. ಆ ಸೋಮವಾರ ಬೆಳಿಗ್ಗೆ ಕೈ ತೊಳೆಯಲು ನಲ್ಲಿ ತಿರುಗಿಸಿದಾಗ ಆ ವಾಸನೆ ಬಂತು. ಏಳು ವರ್ಷದ ಮೇಲೆ. ಕೈ ನೀರಿನಡಿಯಲ್ಲೇ ನಿಂತುಬಿಟ್ಟಿತು.

"ಬಾಯಾರ," ಎಂದು ಒಳಗೆ ಕೂಗಿದಳು, "ಇಲ್ಲೀಟು ಬರ್ರಿ. ಅವ್ವನ ವಾಸನಿ ಬರಾಕತ್ತೈತಿ."

ಒಳಗಿದ್ದವರು ಡಾಕ್ಟರ್ ರೇವತಿ ಹೆಬ್ಬಾರ್, ಕೇಂದ್ರದ ಮುಖ್ಯಸ್ಥೆ, ಕುಂದಾಪುರದ ಕಡೆಯವರು. ಅವರು ಬಂದು ಬೊಗಸೆಯಲ್ಲಿ ನೀರು ಹಿಡಿದು ಮೂಸಿದರು. "ಎಂತ ವಾಸನೆ ಅಂದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಓಡಿದರು.

ಈ ಪಾಚಿಗೆ ಮೊದಲಿಂದಲೂ ಒಬ್ಬ ವೈರಿ ಉಂಟು. ನೀರುಚಿಗಟ. ಎಳ್ಳಿನ ಅರ್ಧದಷ್ಟಿರುವ ಜೀವಿ, ಗಾಜಿನಂಥ ಮೈ, ಒಳಗಿನ ಗುಂಡಿಗೆ ಹೊಡೆದುಕೊಳ್ಳುವುದು ಹೊರಗಿನಿಂದ ಕಾಣುತ್ತದೆ. ಚಿಗಟ ಪಾಚಿಯನ್ನು ಮೇಯುತ್ತದೆ. ಒಂದು ಪಾಚಿಯ ಮೈ ಸೀಳಿದೊಡನೆ ಅದರ ರಸ ನೀರಿಗೆ ಬೆರೆತು ನೆರೆಯವರಿಗೆ ಸುದ್ದಿ ಮುಟ್ಟುತ್ತದೆ: ಇಲ್ಲಿ ಕೊಲೆಯಾಗುತ್ತಿದೆ. ಸುದ್ದಿ ತಲುಪಿದ ಪಾಚಿಗಳೆಲ್ಲ ವಿಷ ತಯಾರಿಸತೊಡಗುತ್ತವೆ. ಅದರಲ್ಲೂ ಎರಡು ಬಗೆ. ಒಂದು ಸ್ನಾಯುಗಳನ್ನು ಬಿಗಿಯುವುದು, ಇನ್ನೊಂದು ಯಕೃತ್ತನ್ನು ಕೊಳೆಸುವುದು. ಈ ಜಗಳದಲ್ಲಿ ಎಮ್ಮೆ, ಮೀನು, ಓಣಿಯ ಮಕ್ಕಳು ಅಡ್ಡ ಬಂದವರಷ್ಟೇ. ಆ ವಿಷ ಅವರಿಗೆಂದು ಮಾಡಿದ್ದೇ ಅಲ್ಲ.

ಹೆಬ್ಬಾರ್ ಮೇಡಂ ಕಂಡುಹಿಡಿದದ್ದು ಆ ಸುದ್ದಿಯನ್ನು ಮುಚ್ಚಿಹಾಕುವ ಒಂದು ದ್ರವ. ನೀರಿಗೆ ಹನಿಹನಿಯಾಗಿ ಬಿಟ್ಟರೆ ಸಾಕು. ಪಕ್ಕದವನು ಸೀಳಿಹೋಗುತ್ತಿದ್ದರೂ ಪಾಚಿಗೆ ಅದರ ಸುಳಿವು ಹತ್ತುವುದಿಲ್ಲ. ಅದು ವಿಷ ತಯಾರಿಸದೆ ಸುಮ್ಮನಿರುತ್ತದೆ. ಕಾಗದದ ಮೇಲೆ ಆ ದ್ರವಕ್ಕೆ ಒಂದು ಗೇಣುದ್ದ ಹೆಸರಿತ್ತು. ಕೇಂದ್ರದವರು ಜೋಗುಳ ಎನ್ನುತ್ತಿದ್ದರು. ಅದನ್ನು ಹನಿಸುವ ಒಂಬತ್ತು ತೇಲುಪೆಟ್ಟಿಗೆಗಳಿಗೆ ತೊಟ್ಟಿಲು ಎಂದು ಹೆಸರಾಯಿತು. ಜಲಾಶಯದ ಒಂಬತ್ತು ಕಡೆ ಅವನ್ನು ಕಟ್ಟುವ ಕೆಲಸವನ್ನು ತಾಯವ್ವನ ಅಣ್ಣ ದುರ್ಗಪ್ಪ ವಹಿಸಿಕೊಂಡಿದ್ದ. ವಾರಕ್ಕೊಮ್ಮೆ ಆ ಒಂಬತ್ತು ಕಡೆಯಿಂದ ಒಂಬತ್ತು ಬಾಟಲಿ ನೀರು ತುಂಬಿ ತರುವವಳು ತಾಯವ್ವ.

ಏಳು ವರ್ಷ ಒಂದು ಎಮ್ಮೆ ಸಾಯಲಿಲ್ಲ. ಚಿಗಟಗಳು ಹುಲುಸಾದವು, ಅವನ್ನು ತಿಂದ ಮೀನು ಕೊಬ್ಬಿದವು. ಓಣಿಯಲ್ಲಿ ತಗಡಿನ ಮನೆಗಳು ಆರ್‌ಸಿಸಿ ಆದವು.

ಆ ಸೋಮವಾರ ಮೇಡಂ ಒಂದು ಗಾಜಿನ ಬಟ್ಟಲಿಗೆ ಹೊಸ ನೀರು ಹೊಯ್ದು, ಕೇಂದ್ರದ ತೊಟ್ಟಿಯಲ್ಲಿ ಸಾಕಿದ್ದ ಹತ್ತು ಚಿಗಟಗಳನ್ನು ಬಿಟ್ಟರು. ಇಬ್ಬರೂ ಸೂಕ್ಷ್ಮದರ್ಶಕದ ತೆರೆಯ ಮುಂದೆ ಕೂತರು. ಮೊದಲ ನಿಮಿಷ ಚಿಗಟಗಳು ಹಸಿದ ಕರುಗಳಂತೆ ಮೇದವು. ಎರಡನೆಯ ನಿಮಿಷ ಒಂದರ ಕಾಲುಗಳು ಅದುರಿದವು. ಮೂರನೆಯ ನಿಮಿಷಕ್ಕೆ ಹತ್ತಕ್ಕೆ ಹತ್ತೂ ಗಿರಗಿರನೆ ಸುತ್ತತೊಡಗಿದವು. ಒಂದು ಇನ್ನೊಂದಕ್ಕೆ ಬಡಿದು, ತಳಕ್ಕೆ ಬಡಿದು, ಮೈ ಹಿಂದಕ್ಕೆ ಬಿಲ್ಲಿನಂತೆ ಬಾಗಿತು. ಒಂದು ಬಸುರಿ ಚಿಗಟದ ಬೆನ್ನಚೀಲ ಹರಿದು ಮರಿಗಳು ಹೊರಬಿದ್ದವು. ಅವೂ ಸುತ್ತಿದವು. ಗುಂಡಿಗೆಗಳು ಒಂದೊಂದಾಗಿ ನಿಂತದ್ದನ್ನು ತಾಯವ್ವ ನೋಡಿದಳು.

"ಜೋಗುಳ ಸರಿಯಾಗಿಯೇ ಹೋಗ್ತಾ ಉಂಟು," ಎಂದರು ಮೇಡಂ, ಗೋಡೆಯ ಫಲಕದ ಒಂಬತ್ತು ಹಸಿರು ದೀಪಗಳನ್ನು ತೋರಿಸಿ. "ಈ ಪಾಚಿ ಅದಕ್ಕೆ ಸೊಪ್ಪೇ ಹಾಕ್ತಾ ಇಲ್ಲ. ಇದು ನಮ್ಮ ಪಾಚಿ ಅಲ್ಲ ತಾಯವ್ವ. ಎಲ್ಲಿಂದ ಬಂತು ಮಾರಾಯ್ತಿ ಇದು?"

ಎಲ್ಲಿಂದ ಬಂದಿರಬಹುದು ಎಂಬ ಒಂದು ಯೋಚನೆ ತಾಯವ್ವನ ಎದೆಯೊಳಗೆ ಎದ್ದಿತ್ತು. ಅದನ್ನು ಅಲ್ಲೇ ಅದುಮಿಟ್ಟಳು.

ಮರುದಿನ ಹೊತ್ತೇರುವಷ್ಟರಲ್ಲಿ ಜಲಾಶಯ ಅಗಸನ ನೀಲಿ ಮತ್ತು ಹಸಿರು ಬಣ್ಣ ಕದಡಿದಂತಾಯಿತು. ಮೀನುಗಳು ನೀರಿನಿಂದ ಚಿಮ್ಮಿ ಚಿಮ್ಮಿ ದಂಡೆಯ ಕಲ್ಲಿಗೆ ತಲೆ ಒಡೆದುಕೊಂಡು ಬಿದ್ದವು. ಮಧ್ಯಾಹ್ನಕ್ಕೆ ಮೊಣಕಾಲುದ್ದ ಮೀನಿನ ಒಡ್ಡು. ಅದನ್ನು ಕುಕ್ಕಲು ಬಂದ ಕೊಕ್ಕರೆಗಳು ಅದರ ಮೇಲೆಯೇ ರೆಕ್ಕೆ ಬಡಿದು ಸತ್ತವು. ದುರ್ಗಪ್ಪನ ಎಮ್ಮೆ ಗುಟುಕು ನೀರು ಕುಡಿದು ನಾಲ್ಕು ಹೆಜ್ಜೆ ನಡೆದು ಮುಗ್ಗರಿಸಿತು. ಕಾಲು ಬಡಿದ ರಭಸಕ್ಕೆ ಗೂಟ ಕಿತ್ತುಬಂತು. ತಾಯವ್ವ ಓಣಿಗೆ ಬಂದಾಗ ಅದರ ತೆರೆದ ಕಣ್ಣ ಮೇಲೆ ಯಾರೋ ಒದ್ದೆ ವಲ್ಲಿಬಟ್ಟೆ ಹೊದಿಸಿದ್ದರು.

ತಾಯವ್ವ ಇದ್ದದ್ದು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಪಡಸಾಲೆಯಲ್ಲಿ ದುರ್ಗಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನ ಹೆಂಡತಿ ಕೆಂಚವ್ವ ಒಲೆಯ ಮುಂದೆ ಇದ್ದಳು, ಒಲೆ ಹೊತ್ತಿಸಿರಲಿಲ್ಲ.

"ಬಂದಳ್ ನೋಡು ನಿನ್ನ ನಾದಿನಿ, ಡಾಕ್ಟರಬಾಯಿ," ಎಂದ ದುರ್ಗಪ್ಪ. "ಏನ್ ಹಾಕೀರಿ ನೀರಿಗೆ?"

"ನಾವೇನೂ ಹಾಕಿಲ್ಲಣ್ಣ. ಪಾಚಿ ವಿಷ ಕಾರಾಕತ್ತೈತಿ."

"ಏಳು ವರ್ಷ ಕಾರಲಾರದ್ದು ಈಗ ಯಾಕ ಕಾರ್ತೈತಿ? ಸಾಲಿಗೆ ಹೋಗಿ ಕಲತು ಬಂತೇನು?"

"ಬ್ಯಾರೆ ಕಡಿಂದ ಬಂದದ್ದಿದು."

"ಎಲ್ಲಿಂದ? ಮುಗಲಿಂದ ಉದುರಿತ?"

ತಾಯವ್ವ ಅಣ್ಣನ ಮುಖ ನೋಡಿದಳು. ಅವನೂ ನೋಡಿದ. ಒಂದು ಗಳಿಗೆ ಇಬ್ಬರಿಗೂ ಒಂದೇ ಜಾಗದ ನೆನಪಾಯಿತು. ಮೊದಲು ಕಣ್ಣು ತಪ್ಪಿಸಿದವನು ದುರ್ಗಪ್ಪ. ತಂಬಿಗೆಯನ್ನು ಎತ್ತಿ ಗೋಡೆಗೆ ಬೀಸಿದ. ಅದು ನೆಲುವಿನಲ್ಲಿದ್ದ ಗಡಿಗೆಗೆ ಬಡಿದು ಚೂರು ಕೆಂಚವ್ವನ ಹಣೆಗೆ ತಾಗಿತು.

"ನಿಮ್ಮ ಔಷಧ ಕುಡದ ಸತ್ತಾವ!" ಎಂದು ಕೂಗಿದ. "ನಾಳೆ ನೋಡು, ಒಂದ್ ತೊಟ್ಟಿಲ ಉಳದ್ರ ಹೇಳು!"

ಕೆಂಚವ್ವ ಹಣೆಯ ರಕ್ತವನ್ನು ಸೆರಗಿಗೆ ಒರೆಸಿಕೊಂಡು ಚೂರು ಆರಿಸತೊಡಗಿದಳು. ತಾಯವ್ವ ಬಗ್ಗಲು ಹೋದರೆ, "ಕಾಲಿಗೆ ಚುಚ್ಚೀತು, ಆಕಡೆ ಸರೀರಿ," ಎಂದಳು.

ಬುಧವಾರ ಹತ್ತು ಗಂಟೆಗೆ ಓಣಿಯವರು ಬಂದರು. ನಲವತ್ತು ಜನ, ಕೈಯಲ್ಲಿ ಹುಟ್ಟು, ಜಲ್ಲೆ. ಗೇಟಿನಲ್ಲಿ ಕಾವಲುಗಾರ ಮಾಬುಸಾಬ ಒಬ್ಬನೇ ಇದ್ದ. ಮುಂದೆ ಬಂದ ಓಣಿಯ ಹಿರಿಯ ಸಣ್ಣೆಪ್ಪ ಕಾಕಾ ಅವನ ಮೂಗಿನ ಮೇಲಿದ್ದ ಕನ್ನಡಕವನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದು, ಮಡಿಚಿ, ಕಂಪೌಂಡಿನ ಮೇಲಿಟ್ಟ. ಆಮೇಲೆ ಹುಟ್ಟು ಎತ್ತಿ ಮಾಬುಸಾಬನ ಹೆಗಲಿಗೆ ಹೊಡೆದ. ಎಲುಬು ಮುರಿದ ಸದ್ದು ನಿಯಂತ್ರಣ ಕೋಣೆಯ ಕಿಟಕಿಯಲ್ಲಿದ್ದ ತಾಯವ್ವನಿಗೂ ಕೇಳಿಸಿತು.

ಅವರು ಜೀಪು ಉರುಳಿಸಿದರು, ಕೇಂದ್ರದ ದೋಣಿಗೆ ಕೊಡಲಿ ಹಾಕಿದರು, ಗಾಜಿನ ತೊಟ್ಟಿಗಳನ್ನೆಲ್ಲ ಒಡೆದರು. ನೆಲದ ಮೇಲೆ ಹರಿದ ನೀರಿನಲ್ಲಿ ಸಾಕಿದ ಚಿಗಟಗಳು ಮಿಣಮಿಣ ಹೊಳೆದು ಒಣಗಿದವು. ಅಡ್ಡ ಬಂದ ಚಾಲಕನ ಬಾಯಿಗೆ ಬಿದ್ದ ಏಟಿಗೆ ಮೂರು ಹಲ್ಲು ಉದುರಿದವು. ನಿಯಂತ್ರಣ ಕೋಣೆಯ ಕಬ್ಬಿಣದ ಬಾಗಿಲನ್ನು ಮಾತ್ರ ಅವರಿಗೆ ಮುರಿಯಲಾಗಲಿಲ್ಲ. ಆಗ ದುರ್ಗಪ್ಪ ಎಲ್ಲರನ್ನೂ ನೀರಿನ ಕಡೆ ಕರೆದುಕೊಂಡು ಹೋದ. ಹರಿಗೋಲುಗಳು ಹೊರಟವು.

ಒಳಗೆ ಇಬ್ಬರು ಹೆಂಗಸರು ಗೋಡೆಯ ಫಲಕದ ಮುಂದೆ ನಿಂತಿದ್ದರು. ಮೊದಲನೆಯ ದೀಪ ಆರಿತು. ಕಾಲು ಗಂಟೆ ಕಳೆದು ಎರಡನೆಯದು. ಹಾಗೆ ಒಂದೊಂದೇ ಆರುತ್ತ ಬಂದು, ಕೊನೆಗೆ ಎಂಟು ಮತ್ತು ಒಂಬತ್ತು ಒಂದೇ ಕ್ಷಣದಲ್ಲಿ ಆರಿದವು.

ಮೇಡಂ ನಕ್ಷೆ ನೋಡಿದರು. ಎಂಟಕ್ಕೂ ಒಂಬತ್ತಕ್ಕೂ ನಡುವೆ ಎರಡು ಮೈಲಿ.

"ತಾಯವ್ವ," ಎಂದರು ನಿಧಾನವಾಗಿ, "ಒಟ್ಟಿಗೇ ಹೇಗೆ ಆರಿದವು ಇವು?"

ತಾಯವ್ವ ನೆಲದ ಮೇಲೆ ಕೂತಳು. ಆಮೇಲೆ ಎಲ್ಲ ಹೇಳಿದಳು.

ಹಳೇ ದೋಣಿಹಾಳ ಈ ಜಲಾಶಯದಲ್ಲಿ ಮುಳುಗಿದ್ದು ಅವಳು ಹುಟ್ಟುವ ಮೊದಲು. ಊರಿನ ಜೊತೆ ಅಂಬಿಗರ ಮಣ್ಣು ಮಾಡುವ ಜಾಗವೂ ಮುಳುಗಿತು. ಎರಡು ಗುಡ್ಡಗಳ ನಡುವಿನ ಒಂದು ಇಕ್ಕಟ್ಟು ಕಣಿವೆ, ಬಾಯಿಗೆ ಅಡ್ಡವಾಗಿ ಹಳೇ ಊರಿನ ಕೋಟೆಗೋಡೆ. ಅದನ್ನು ಹಿರೇರ ನೀರು ಎನ್ನುತ್ತಾರೆ. ಕೆಳಗೆ ಅಜ್ಜ, ಮುತ್ತಜ್ಜಿಯರು ಮಲಗಿದ್ದಾರೆ. ಅವರ ಮೇಲಿನ ನೀರನ್ನು ಯಾರೂ ಮೊಗೆಯುವುದಿಲ್ಲ. ಬಲೆ ಬೀಸುವುದಿಲ್ಲ. ಹರಿಗೋಲುಗಳು ಬಳಸಿಕೊಂಡು ಹೋಗುತ್ತವೆ. ನಕ್ಷೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ. ಒಂಬತ್ತನೆಯ ಚುಕ್ಕೆಯನ್ನು ಅಲ್ಲಿ ಇಟ್ಟಿದ್ದರು. ದುರ್ಗಪ್ಪ ಒಂಬತ್ತನೆಯ ತೊಟ್ಟಿಲನ್ನು ಎಂಟನೆಯದಕ್ಕೇ ಕಟ್ಟಿದ. ತಾಯವ್ವ ಒಂಬತ್ತನೆಯ ಬಾಟಲಿಯನ್ನು ಎಂಟನೆಯ ಜಾಗದಲ್ಲೇ ತುಂಬಿದಳು. ಅಣ್ಣ ತಂಗಿ ಈ ಬಗ್ಗೆ ಎಂದೂ ಮಾತಾಡಿಕೊಳ್ಳಲಿಲ್ಲ.

"ಏಳು ವರ್ಷ," ಎಂದರು ಮೇಡಂ.

"ಹೂಂರಿ."

"ಪ್ರತಿ ವಾರ."

"ಹೂಂರಿ."

ಮೇಡಂ ಮೇಜಿನ ಮೇಲಿದ್ದ ಬಾಟಲಿಗಳ ತಟ್ಟೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದರು. ಗಾಜು ಕೋಣೆ ತುಂಬ ಹಾರಿತು. ತಾಯವ್ವ ಮುಖ ಮುಚ್ಚಿಕೊಳ್ಳಲಿಲ್ಲ. ಮೇಡಂ ನಕ್ಷೆಯ ಮುಂದೆ ಹೋಗಿ ಒಂಬತ್ತನೆಯ ಚುಕ್ಕೆಯ ಮೇಲೆ ಬೆರಳಿಟ್ಟರು. ತಿರುಗಿದಾಗ ಅವರ ದನಿ ಬೇರೆಯಾಗಿತ್ತು.

"ಅಂದ್ರೆ ಅಲ್ಲಿಗೆ ಜೋಗುಳ ಹೋಗಲೇ ಇಲ್ಲ. ಅಲ್ಲಿ ಜಗಳ ನಿಂತೇ ಇಲ್ಲ. ಪಾಚಿ ಕೊಂದಿದೆ, ಚಿಗಟ ಕೊಂದಿದೆ. ಪ್ರತಿ ಸಲ ಬಲವಾದ ವಿಷದ್ದು ಉಳಿದಿದೆ. ಈ ವರ್ಷ ನೆರೆ ಬಂದು ಗೋಡೆ ಮೇಲೆ ನೀರು ಹರೀತು, ಪಾಚಿ ಹೊರಗೆ ಬಂತು. ಇಲ್ಲಿನ ಚಿಗಟಗಳೋ, ಏಳು ವರ್ಷ ವಿಷದ ರುಚಿಯೇ ಕಂಡವಲ್ಲ. ಸತ್ತುಹೋದವು." ಅವರು ತಾಯವ್ವನ ಎದುರು ಕುಕ್ಕರಗಾಲಲ್ಲಿ ಕೂತರು. "ಆದ್ರೆ ಅಲ್ಲಿನ ಚಿಗಟಗಳು? ಅವು ಹೇಗೆ ಬದುಕಿವೆ ಹೇಳಿ ತಾಯವ್ವ?"

ತಾಯವ್ವ ತಲೆ ಎತ್ತಿದಳು.

"ಅವಕ್ಕ ಈ ವಿಷ ದಕ್ಕತೈತ್ರಿ," ಎಂದಳು.

"ದಕ್ಕಬೇಕು. ನೆರೆಯಲ್ಲಿ ಹೊರಗೆ ಬಂದವನ್ನು ಮೀನು ತಿಂದಿರಬೇಕು, ಈಗ ಆ ಮೀನೂ ಇಲ್ಲ. ಗಂಡಿಲ್ಲದೇ ಮರಿ ಹಾಕುವ ಜಾತಿ, ಮೂರು ದಿನಕ್ಕೊಂದು ಸೂಲು. ತಂದು ಸಾಕಿ ಬಿಟ್ಟರೆ ಒಂದು ತಿಂಗಳಲ್ಲಿ ಈ ಪಾಚಿಯನ್ನು ಮೇದು ಮುಗಿಸ್ತವೆ."

ಆದರೆ ತಿಂಗಳು ಕೊಡುವವರು ಯಾರು? ಅಂದು ಮಧ್ಯಾಹ್ನವೇ ಮೇಲಿನಿಂದ ಆದೇಶ ಬಂತು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಜಲಾಶಯಕ್ಕೆ ಮೈಲುತುತ್ತ ಸುರಿಯುವುದು, ನಲವತ್ತು ಲಾರಿ. ತೋಟದ ರೋಗಕ್ಕೆ ಸಿಂಪಡಿಸುವ ಅದೇ ನೀಲಿ ಹರಳು. ಮೇಡಂ ಫೋನಿನಲ್ಲಿ ಕೂಗಾಡಿದರು. ಪಾಚಿ ಒಮ್ಮೆಲೇ ಸಿಡಿದು ಅದರೊಳಗಿನ ವಿಷವೆಲ್ಲ ಒಂದೇ ದಿನ ನೀರಿಗೆ ಬೀಳುತ್ತದೆ, ಉಳಿದ ಚಿಗಟವೂ ಸಾಯುತ್ತದೆ, ಹತ್ತು ವರ್ಷ ಮೀನು ಹುಟ್ಟುವುದಿಲ್ಲ, ದೋಣಿಹಾಳದವರು ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದರು. ಆ ಕಡೆಯ ಎಂಜಿನಿಯರು ಕೆಟ್ಟವರಲ್ಲ. ಜಲಾಶಯದ ನೀರು ನಿಂತು ಪೇಟೆಯ ಜನ ಮೂರು ದಿನದಿಂದ ಟ್ಯಾಂಕರ್ ನೀರಿಗೆ ಹೊಡೆದಾಡುತ್ತಿದ್ದರು. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬರ್ತೀನಿ ಮೇಡಂ. ಆ ವಿಷದಲ್ಲಿ ಬದುಕೋ ಹುಳ ಒಂದಾದ್ರೂ ತೋರಿಸಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ," ಎಂದರು.

ಕೇಂದ್ರದ ದೋಣಿ ಚೂರಾಗಿತ್ತು. ಹಿರೇರ ನೀರಿನೊಳಗೆ ಮುಳುಗಿದ ಗೋಡೆ, ಬೊಡ್ಡೆಗಳ ನಡುವೆ ದಾರಿ ಗೊತ್ತಿದ್ದವರು ಅಂಬಿಗರು ಮಾತ್ರ. ಅಲ್ಲಿ ಕೈ ಅದ್ದುವ ಅಂಬಿಗ ಹುಟ್ಟಿರಲಿಲ್ಲ.

"ನಾ ಹೊಕ್ಕೀನ್ರಿ," ಎಂದಳು ತಾಯವ್ವ. "ಆ ಬಾಟ್ಲಿ ನಂದು."

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಅವಳು ಕೆಂಚವ್ವನ ಸಣ್ಣ ಹರಿಗೋಲು ಬಿಡಿಸಿಕೊಂಡು ಹೊರಟಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದ್ದಳು. ಸತ್ತ ಮೀನುಗಳನ್ನು ಹುಟ್ಟಿನಿಂದ ಸರಿಸುತ್ತ, ಅವುಗಳ ಊದಿದ ಹೊಟ್ಟೆ ಒಡೆದು ಸಿಡಿಯುತ್ತಿರಲು, ಎರಡು ಗಂಟೆ ಹುಟ್ಟು ಹಾಕಿದಳು. ಕೋಟೆಗೋಡೆಯಲ್ಲಿ ಈ ವರ್ಷದ ನೆರೆ ಕೊರೆದ ಒಡಕಿನಲ್ಲಿ ನುಸುಳಿ ಒಳಗೆ ಬಂದಾಗ ನೀರು ಗೋಡೆಗೆ ಬಳಿಯುವ ಬಣ್ಣದಷ್ಟು ಗಟ್ಟಿಯಾಗಿತ್ತು. ಬಗ್ಗಿ ನೋಡಿದಳು. ಆ ಹಸಿರಿನೊಳಗೆ, ಬಿಸಿಲು ಬಿದ್ದಲ್ಲೆಲ್ಲ, ಉಸಿರುಗಾಳಿ ಸಾಲದೆ ಕೆಂಪೇರಿದ ಚಿಗಟಗಳು ಕಿಡಿಯಂಥ ಚುಕ್ಕೆಗಳಾಗಿ ಕುಪ್ಪಳಿಸುತ್ತಿದ್ದವು. ಸಾವಿರ. ಲಕ್ಷ.

ಅವಳು ಚಪ್ಪಲಿ ಕಳಚಿದಳು. ಕೈ ಮುಗಿದಳು. "ಏ ಮುತ್ಯಾ, ಏ ಅಮ್ಮಾ, ತಪ್ಪಾತು ಅನ್ರಿ, ಬೈರಿ," ಎಂದು ಕ್ಯಾನು ಅದ್ದಿದಳು.

"ಏಯ್! ಕೈ ತಗೀ!"

ಹಿಂದೆ ದುರ್ಗಪ್ಪ. ಜೊತೆಗೆ ಸಣ್ಣೆಪ್ಪ ಕಾಕಾ. ಅವರ ದೊಡ್ಡ ಹರಿಗೋಲು ಬಂದು ಅವಳದಕ್ಕೆ ಡಿಕ್ಕಿ ಹೊಡೆಯಿತು. ದುರ್ಗಪ್ಪ ಜಿಗಿದು ಬಂದ. ಕ್ಯಾನಿಗೆ ಕೈ ಹಾಕಿದ, ಅವಳು ಬಿಡಲಿಲ್ಲ. ಅವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಕೆನ್ನೆಗೆ ಬಾರಿಸಿದ.

"ಹಿರೇರ ಮ್ಯಾಲಿನ ನೀರು ಮೊಗೀತಿ? ಅವ್ವನ ಹೊಟ್ಟ್ಯಾಗ ಹುಟ್ಟೀಯೋ ಇಲ್ಲೋ?"

"ನಿನ್ನ ಒಂಬತ್ತನೇ ತೊಟ್ಟಿಲ ಎಲ್ಲಿ ಕಟ್ಟಿದ್ದಿ ಅಣ್ಣ? ಹೇಳು ಕಾಕಾಗ! ನಾ ಎಲ್ಲಿ ಬಾಟ್ಲಿ ತುಂಬೀನಿ, ನೀ ಎಲ್ಲಿ ಕಟ್ಟೀದಿ, ಹೇಳು! ಔಷಧ ಕೊಂದಿಲ್ಲ. ನಾವಿಬ್ರು ಕೊಂದೀವಿ!"

ಸಣ್ಣೆಪ್ಪ ಕಾಕಾ ದುರ್ಗಪ್ಪನ ಕಡೆ ನೋಡಿದ. ಆ ನೋಟ ದುರ್ಗಪ್ಪನಿಗೆ ತಡೆಯಲಾಗಲಿಲ್ಲ. ಹುಟ್ಟು ಎತ್ತಿ ಬೀಸಿದ. ತಾಯವ್ವ ಬಲಗೈ ಅಡ್ಡ ತಂದಳು. ಮುಂಗೈ ಎಲುಬು ಮುರಿದು ಚರ್ಮದಿಂದ ಹೊರಬಂತು. ಕ್ಯಾನು ಉರುಳಿತು. ಅವನು ಅದನ್ನು ಒದ್ದು ಗೋಡೆಯ ಆಚೆಗೆ ಎಸೆದ. ಇನ್ನೊಂದು ಏಟು ಬೆನ್ನಿಗೆ ಬಿತ್ತು. ಹರಿಗೋಲು ಮಗುಚಿ ಅವಳು ನೀರಿಗೆ ಬಿದ್ದಳು.

ಕೆಳಗೆ ಕತ್ತಲು ಹಸಿರು. ಬಾಯಿ, ಮೂಗಿನೊಳಗೆಲ್ಲ ಅದೇ ಮಣ್ಣಿನ ರುಚಿ. ಕಾಲಿಗೆ ಕಲ್ಲೊಂದು ತಾಗಿತು. ಯಾರದೋ ಗೋರಿಯ ಕಲ್ಲಿರಬೇಕು. ಮೇಲೆ ಬರಲು ಒಂದು ಕೈ ಸಾಲದು. ಆರು ಗಜದ ಹತ್ತಿ ಸೀರೆ ಬಿಚ್ಚಿಕೊಂಡು ಅವಳ ಸುತ್ತ ಬಲೆಯಂತೆ ಹರಡಿತ್ತು. ಆಗ ಯಾರೋ ಅವಳ ತುರುಬಿಗೆ ಕೈ ಹಾಕಿ ಎಳೆದರು.

ಅದು ದುರ್ಗಪ್ಪ. ಅವನು ಅವಳನ್ನು ದೊಡ್ಡ ಹರಿಗೋಲಿಗೆ ಎತ್ತಿಹಾಕಿ, ಹೊಟ್ಟೆ ಅಮುಕಿ ನೀರು ಕಕ್ಕಿಸಿದ. "ಕಕ್ಕು, ಕಕ್ಕಲೇ, ಕಕ್ಕು ತಂಗಿ," ಎನ್ನುತ್ತ ಬಿಕ್ಕುತ್ತಿದ್ದ. ಸಣ್ಣೆಪ್ಪ ಕಾಕಾ ಹುಟ್ಟು ಹಾಕಿದ. ಸೀರೆಯ ನೀರು ಹಿಂಡಲು ಅಣ್ಣ ಕೈ ಹಾಕಿದಾಗ ತಾಯವ್ವ ಎಡಗೈಯಿಂದ ಅದನ್ನು ಮುದುರಿ ಎದೆಗವಚಿಕೊಂಡಳು. ಹಲ್ಲು ಕಟಕಟ ಬಡಿಯುತ್ತಿದ್ದವು. "ಹಿಂಡಬ್ಯಾಡ," ಎಂದಷ್ಟೇ ಹೇಳಿದಳು.

ದಂಡೆಯಲ್ಲಿ ಪೊಲೀಸರಿದ್ದರು. ದುರ್ಗಪ್ಪ ತಾನಾಗಿ ಹೋಗಿ ಅವರ ಮುಂದೆ ನಿಂತ. ಆದರೂ ಅವರು ಲಾಠಿ ಬೀಸಿದರು. ಮೇಡಂ ಓಡಿಬಂದರು. ತಾಯವ್ವ ಹೇಳಿದ್ದು ಅವರಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಆಮೇಲೆ ತಮ್ಮ ಬಿಳಿ ಕೋಟು ಅವಳಿಗೆ ಹೊದಿಸಿ, ಒದ್ದೆ ಸೀರೆಯನ್ನು ಬಕೇಟಿನಲ್ಲಿಟ್ಟುಕೊಂಡು ಮಗುವನ್ನು ಎತ್ತಿಕೊಂಡವರಂತೆ ಒಳಗೆ ಹೋದರು.

ಸೀರೆಯ ಪದರ ಪದರ ಬಿಡಿಸಿ ಶುದ್ಧ ನೀರಿನಲ್ಲಿ ಅಲುಬಿದಾಗ ನಲವತ್ತೊಂದು ಚಿಗಟ ಸಿಕ್ಕವು. ಹನ್ನೆರಡಕ್ಕೆ ಎಂಜಿನಿಯರು ಬಂದರು. ಮೇಡಂ ಅವರ ಕಣ್ಣೆದುರು ಜಲಾಶಯದ ಹಸಿರು ನೀರು ತುಂಬಿ ಚಿಗಟಗಳನ್ನು ಬಿಟ್ಟರು. ಮೂರು ನಿಮಿಷ. ಐದು. ಹತ್ತು. ಒಂದೆರಡು ಮುದಿಚಿಗಟಗಳು ತತ್ತರಿಸಿ ಸತ್ತವು. ಉಳಿದವು ಪಾಚಿಯನ್ನು ಹರಿದು ತಿನ್ನುತ್ತಲೇ ಇದ್ದವು. ಗಾಜಿನ ಮೈಯೊಳಗೆ ಕರುಳು ಹಸಿರಾಗುವುದು ಕಾಣುತ್ತಿತ್ತು. ಪಾಚಿ ವಿಷ ಕಾರಿತು, ಅವು ತಿಂದವು. ಮತ್ತೆ ಕಾರಿತು, ಮತ್ತೆ ತಿಂದವು. ಒಂದು ಗಂಟೆಯ ಹೊತ್ತಿಗೆ ಒಂದು ಚಿಗಟ ಮರಿ ಹಾಕಿತು.

"ಎಷ್ಟು ಕ್ರೂರವಾಗಿದೆ ಇದು," ಎಂದರು ಎಂಜಿನಿಯರು.

"ಹೌದು," ಎಂದರು ಮೇಡಂ. "ನಾನು ಅದನ್ನು ನಿಲ್ಲಿಸಲು ಹೋಗಿದ್ದೆ."

ಎಂಜಿನಿಯರು ಹೊರಗೆ ಹೋಗಿ ಫೋನು ಮಾಡಿದರು. ಲಾರಿಗಳು ಒಂದು ತಿಂಗಳು ನಿಂತವು.

ತಾಯವ್ವನಿಗೆ ಇದೆಲ್ಲ ತಿಳಿದದ್ದು ಐದು ದಿನದ ಮೇಲೆ, ತಾಲೂಕು ಆಸ್ಪತ್ರೆಯಲ್ಲಿ. ಕುಡಿದ ನೀರು ಅವಳ ಯಕೃತ್ತನ್ನು ಹಿಡಿದಿತ್ತು. ಕಣ್ಣು, ಉಗುರು ಹಳದಿಯಾಗಿದ್ದವು, ಕಂಡದ್ದೆಲ್ಲ ಕಕ್ಕುತ್ತಿದ್ದಳು. ಬಲಗೈ ಬೆರಳ ತುದಿಯವರೆಗೆ ಪಟ್ಟಿಯಲ್ಲಿತ್ತು. ಆರನೆಯ ದಿನ ಸುದ್ದಿ ಹೇಳಲು ಮೇಡಂ ಬಂದರು. ಚಿಗಟ ಸಾವಿರವಾಗಿದೆ ಎಂದರು. ನಿಮ್ಮ ಮೇಲೆ ವಿಚಾರಣೆ ಇದೆ, ಕೆಲಸ ಉಳಿಯಲಿಕ್ಕಿಲ್ಲ ಎಂದೂ ಹೇಳಿದರು. ಸುಳ್ಳು ಹೇಳುವ ಹೆಂಗಸಾಗಿರಲಿಲ್ಲ ಅವರು. ಹೋಗುವಾಗ ಅವಳ ತಲೆದಿಂಬಿನ ಕಡೆಯ ಕಿಟಕಿಯಿಂದ ಬಿಸಿಲು ಬೀಳುತ್ತಿದ್ದದ್ದನ್ನು ಕಂಡು ಪರದೆ ಎಳೆದು ಹೋದರು.

ಓಣಿಯ ಸುದ್ದಿಯನ್ನು ಪಕ್ಕದ ವಾರ್ಡಿನಲ್ಲಿದ್ದ ಗಂಡನನ್ನು ನೋಡಿಕೊಳ್ಳುತ್ತಿದ್ದ ಮಾಬುಸಾಬನ ಹೆಂಡತಿ ಬಂದು ಹೇಳಿದಳು. ದೈವದವರು, ಅಂದರೆ ಓಣಿಯ ಪಂಚರು, ಕೂತು ತೀರ್ಮಾನ ಮಾಡಿದ್ದರು. ಹಿರೇರ ನೀರು ಮೊಗೆದವಳ ಜೊತೆ ದೋಣಿಹಾಳದ ಯಾರೂ ಮಾತಾಡಕೂಡದು. ಬೆಂಕಿ, ನೀರು ಕೊಡಕೂಡದು. ದುರ್ಗಪ್ಪನ ಬಗ್ಗೆ ಇನ್ನೂ ಏನೂ ಆಗಿರಲಿಲ್ಲ, ಅವನು ಜೈಲಿನಲ್ಲಿದ್ದ. ತೊಟ್ಟಿಲು ಕಟ್ಟಿದ್ದು ಎಲ್ಲಿ ಎಂದು ದೈವದ ಮುಂದೆ ಹೇಳಿದವನು ಸಣ್ಣೆಪ್ಪ ಕಾಕಾ. ಅದನ್ನು ಕೇಳಿ ಅರ್ಧ ಜನ ಸುಮ್ಮನಾದರಂತೆ, ಅರ್ಧ ಜನ ಕಾಕಾನನ್ನೇ ಹೊಡೆಯಲು ಹೋದರಂತೆ.

"ಮಾತಾಡ್ಸಾಕ ಯಾರೂ ಬರಂಗಿಲ್ಲ ಬಿಡಕ್ಕ," ಎಂದಳು ತಾಯವ್ವ.

ಏಳನೆಯ ದಿನ ಮಧ್ಯಾಹ್ನ, ಆಸ್ಪತ್ರೆಯ ಊಟದ ಗಾಡಿ ಹೋದ ಮೇಲೆ, ಬಾಗಿಲಲ್ಲಿ ಕೆಂಚವ್ವ ಕಂಡಳು. ಹಣೆಯ ಗಾಯ ಒಣಗಿ ಕಪ್ಪಾಗಿತ್ತು. ಆರು ಮೈಲಿ ನಡೆದು ಬಂದ ಧೂಳು ಪಾದದ ತುಂಬ. ಅವಳು ಸೀದಾ ಬಂದು ಮಂಚದ ಅಂಚಿನಲ್ಲಿ ಕೂತಳು.

"ವೈನಿ," ಎಂದಳು ತಾಯವ್ವ. "ಯಾಕ ಬಂದ್ರಿ? ಗೊತ್ತಾದ್ರ ನಿಮ್ಮನ್ನೂ ಹೊರಗ ಹಾಕ್ತಾರ."

ಮಾತಾಡಕೂಡದು ಎಂದಿದ್ದರು, ಕೆಂಚವ್ವ ಮಾತಾಡಲಿಲ್ಲ. ಸೆರಗಿನಡಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ತೊಡೆಯ ಮೇಲಿಟ್ಟು ಬಿಚ್ಚಿದಳು. ಜೋಳದ ರೊಟ್ಟಿ. ಒಂದೂ ಇಡಿಯಾಗಿರಲಿಲ್ಲ. ಮುರಿಯಲು ಎರಡು ಕೈ ಬೇಕಲ್ಲ. ಅದಕ್ಕೆ ಮನೆಯಲ್ಲೇ ಒಂದೊಂದನ್ನೂ ಬೆರಳಗಲ ತುಂಡು ಮಾಡಿ, ಖಾರವಿಲ್ಲದ ಬೇಳೆಕಟ್ಟಿನಲ್ಲಿ ಮೆತ್ತಗೆ ನೆನೆಸಿ, ಒಂದೊಂದು ತುತ್ತಿನ ಉಂಡೆ ಕಟ್ಟಿ ತಂದಿದ್ದಳು.

ತಾಯವ್ವನ ಎಡಗೈಯನ್ನು ಹಿಡಿದು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೊದಲ ತುತ್ತನ್ನು ಅಂಗೈ ಮೇಲಿಟ್ಟಳು.